ಕೈ ಕಂಡರೂ ಹಿಡಿಯದ ಬ್ರೇಕ್

ಜೈಲು, ಮಾರ್ಚ್ ೪

ಅಕ್ಕಾ,

ಕ್ಷೇಮ ಕೇಳುವ ಕಾಗದ ಇದಲ್ಲ. ಕೂತು ಓದು, ನಿನ್ನ ಗಂಡನ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ಓದು.

ಹೌದು, ನಾನೇ ಹೊಡೆದೆ. ಕಬ್ಬಿಣದ ಪೈಪಿನಿಂದ ಹೊಡೆದೆ. ಅವನ ದವಡೆ ಲಟಕ್ ಅಂದದ್ದು ಕೇಳಿಸಿತು, ಕೇಳಿಸಿದ ಮೇಲೂ ಹೊಡೆದೆ. ಶೆಡ್ಡಿನ ಕೆಲಸದವರು ನನ್ನ ಸೊಂಟಕ್ಕೆ ಜೋತುಬೀಳದಿದ್ದರೆ ಲೆಕ್ಕ ಅಲ್ಲೇ ಚುಕ್ತಾ ಆಗುತ್ತಿತ್ತು. ಅಮ್ಮನ ಬಲಗೈ ತಗಡು ಒತ್ತುವ ಪ್ರೆಸ್ಸಿನ ಅಚ್ಚುಗಳ ನಡುವೆ ಡಬ್ಬದ ಮುಚ್ಚಳದಷ್ಟು ತೆಳ್ಳಗಾಗಿ ಬಿದ್ದಿತ್ತು. ಅದನ್ನು ನೋಡಿದ ಕಣ್ಣಿನಲ್ಲಿ ನಾನು ಇನ್ನೇನನ್ನು ನೋಡಲಿ?

ಆ ಪ್ರೆಸ್ಸು ಹೇಗೆ ನಿಲ್ಲುತ್ತಿತ್ತು ನಿನಗೆ ಗೊತ್ತು. ಅಚ್ಚಿನ ಮುಂದೆ ಬೆಳಕಿನ ಕಣ್ಣಿದೆ. ಕೈ ಅಡ್ಡ ಬಂದರೆ ಕಣ್ಣು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಬ್ರೇಕ್ ಹಿಡಿಯುತ್ತದೆ. ಆ ಪ್ರೋಗ್ರಾಂ ನಾನು ಬರೆದದ್ದು. ವರ್ಷಗಟ್ಟಲೆ ಒಮ್ಮೆಯೂ ತಪ್ಪಲಿಲ್ಲ. ತಪ್ಪದೆ ಇದ್ದದ್ದರಿಂದಲೇ ಅಮ್ಮ ಪೆಡಲಿನಿಂದ ಕಾಲು ತೆಗೆಯುವುದನ್ನೇ ಬಿಟ್ಟಿದ್ದಳು. ಮುಚ್ಚಳ ಅಂಟಿಕೊಂಡರೆ ಸುಮ್ಮನೆ ಕೈ ಚಾಚುತ್ತಿದ್ದಳು, ಅಷ್ಟು ದೊಡ್ಡ ಯಂತ್ರ ಸಾಕಿದ ನಾಯಿಯ ಹಾಗೆ ಕೂತುಬಿಡುತ್ತಿತ್ತು. ಶೆಡ್ಡಿನಲ್ಲಿ ಎಲ್ಲರದ್ದೂ ಅದೇ ರೂಢಿ.

ಹಳೇ ಕಂಪ್ಯೂಟರು ಸತ್ತಾಗ ನಾನು ಅಚ್ಚು ತರಲು ಹೋಗಿದ್ದೆ. ಆ ಸಂದಿಯಲ್ಲಿ ನಿನ್ನ ಗಂಡ ಬೇರೆ ಕಂಪ್ಯೂಟರು ತಂದು, ಅದನ್ನು ನಡೆಸಲು ನನ್ನ ಲಿನಕ್ಸ್ ಬಿಟ್ಟು ತನಗೆ ಬೇಕಾದ ಲಿನಕ್ಸ್ ಹಾಕಿ, ನಾನು ಬರೆದ ಪ್ರೋಗ್ರಾಂನ ಸೋರ್ಸ್ ತೆಗೆದು ತಾನೇ ಕಂಪೈಲ್ ಮಾಡಿದ. ‘ಈಗ ಕುದುರೆಯ ಹಾಗೆ ಓಡುತ್ತದೆ’ ಅಂತ ಎದೆ ತಟ್ಟಿಕೊಂಡ. ಕಂಪೈಲ್ ಅಂದರೆ ಮನುಷ್ಯ ಓದುವ ಬರಹವನ್ನು ಯಂತ್ರ ನುಂಗುವ ಹಾಗೆ ಅರೆದು ಕೊಡುವುದು. ಅರೆದ ಮೇಲೆ ಒಳಗೇನಿತ್ತು, ಏನಿಲ್ಲ ಯಾರಿಗೂ ಕಾಣುವುದಿಲ್ಲ. ಓಟ ಹೆಚ್ಚಲೆಂದು ಬ್ರೇಕಿನ ಸಾಲನ್ನೇ ಅವನು ಕಿತ್ತು ಬಿಸಾಡಿದ್ದಾನೆ.

ಆ ಕಂಪ್ಯೂಟರು ಪೊಲೀಸರ ಹತ್ತಿರ ಇದೆ. ಆದರೆ ನನ್ನ ಸೋರ್ಸಿನ ಮೂಲಪ್ರತಿ ಪೆನ್‌ಡ್ರೈವಿನಲ್ಲಿ, ನನ್ನ ಲ್ಯಾಪ್‌ಟಾಪಿನ ಚೀಲದಲ್ಲಿದೆ. ಕಂಪ್ಯೂಟರಿನಲ್ಲಿ ಡಬ್ಬದ ಲೇಬಲ್ ಬರೆಯುವ ನಿನಗೆ ಕೀಲಿ ಒತ್ತಲು ನಾನು ಕಲಿಸಬೇಕಿಲ್ಲ. ನೀನೇ ಕಂಪೈಲ್ ಮಾಡು. ಬ್ರೇಕ್ ಹಿಡಿಯುತ್ತದೆ, ನೋಡು. ನೋಡಿದ ಮೇಲೆ ಅವನ ಮುಖ ನೋಡು, ಮುಖ ಅಂತ ಉಳಿದಿದ್ದರೆ.

ಜಾಮೀನು ಸಿಕ್ಕಿದ ದಿನ ನೇರ ಅಲ್ಲಿಗೇ ಬರುತ್ತೇನೆ. ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತೇನೆ. (ಹೀಗೆ ಬರೆದದ್ದಕ್ಕೆ ಕಾಗದ ತಪಾಸಣೆ ಮಾಡುವ ಗುಮಾಸ್ತ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿಂದ ಎಲ್ಲರೂ ಮನೆಗೆ ಇದನ್ನೇ ಬರೆಯುತ್ತಾರಂತೆ.)

ನಿನ್ನ ತಮ್ಮ

*

ಮನೆ, ಮಾರ್ಚ್ ೧೫

ತಮ್ಮಾ,

ಗಟ್ಟಿಯಾಗಿ ಓದು ಅಂದೆ, ಓದಿದೆ. ನಿನ್ನ ಭಾವ ಪೂರ್ತಿ ಕೇಳಿಸಿಕೊಂಡರು. ಉತ್ತರ ಕೊಡಲು ಬಾಯಿ ತೆರೆಯುವ ಹಾಗಿಲ್ಲ, ದವಡೆಗೆ ತಂತಿ ಬಿಗಿದಿದ್ದಾರೆ. ಊಟವೆಲ್ಲ ನೀರು ಮಾಡಿ ಕೊಳವೆಯಲ್ಲಿ. ಎಡಗಣ್ಣು ಹೋಯಿತು. ಬಲಮಂಡಿ ಇನ್ನು ಮಡಚುವುದಿಲ್ಲ ಅಂದರು ಡಾಕ್ಟರು. ಮಗಳ ಸ್ಲೇಟು ಎಳೆದುಕೊಂಡು ‘ಒಂದಕ್ಷರ ಬದಲಿಸಿಲ್ಲ’ ಅಂತ ಬರೆದರು. ಬರೆದು ನನ್ನ ಕಡೆಗಲ್ಲ, ಅಮ್ಮನ ಕಡೆಗೆ ಹಿಡಿದರು.

ಅಮ್ಮ ನಿನ್ನೆ ಆಸ್ಪತ್ರೆಯಿಂದ ಬಂದಳು. ಮಣಿಕಟ್ಟಿನಿಂದ ಕೆಳಗೆ ಏನೂ ಇಲ್ಲ. ಪಕ್ಕದ ಮನೆಯಾಕೆ ಗೋಳೋ ಅಂತ ಅಳುತ್ತಾ ಬಂದರೆ, ಇನ್ನು ಮೇಲೆ ನಿನ್ನ ಜೊತೆ ಒಂದೇ ಕೈ ಬೀಸಿ ಜಗಳ ಆಡಬೇಕಲ್ಲೇ ಅಂತ ಅವಳನ್ನೇ ಸಮಾಧಾನ ಮಾಡಿ ಕಳಿಸಿದಳು. ಆಕೆ ಹೋದ ಮೇಲೆ ಗೋಡೆಗೆ ತಿರುಗಿ ಮಲಗಿದಳು.

ನೀನು ಹೇಳಿದ್ದನ್ನು ಮಾಡುತ್ತೇನೆ. ನಿನಗಾಗಿ ಅಂದುಕೊಳ್ಳಬೇಡ. ಒಂದೇ ಹಾಸಿಗೆಯಲ್ಲಿ ಮಲಗುವ ಮನುಷ್ಯ ನನ್ನ ಹೆತ್ತವಳ ಕೈ ತಿಂದನೋ ಇಲ್ಲವೋ ನನಗೆ ಗೊತ್ತಾಗಬೇಕು. ಬ್ರೇಕ್ ಹಿಡಿಯದಿದ್ದರೆ ನೀನು ಬಂದು ಅವರ ಕಾಲಿಗೆ ಬೀಳಬೇಕು. ಹಿಡಿದರೆ ಏನು ಅಂತ ಈಗ ಬರೆಯುವುದಿಲ್ಲ.

ನಿನ್ನ ಲ್ಯಾಪ್‌ಟಾಪಿನಲ್ಲಿ ಆಜ್ಞೆ ಕೊಟ್ಟೆ. ಪರದೆ ತುಂಬ ಕೆಂಪು ಕಾರಿತು. ಕಣ್ಣಿನ ಜೊತೆ ಮಾತಾಡುವ ಸಿದ್ಧ ಪ್ರೋಗ್ರಾಂ ಇದೆಯಲ್ಲ, ಆ ಲೈಬ್ರರಿಯ ಹೆಡರ್ ಫೈಲು ಸಿಗಲಿಲ್ಲ ಅನ್ನುತ್ತದೆ. ಲೈಬ್ರರಿ ಇದೆ, ನಾನೇ ನೋಡಿದೆ. ಇದ್ದದ್ದನ್ನು ಇಲ್ಲ ಅನ್ನುವ ಬುದ್ಧಿ ಅದಕ್ಕೆ ಎಲ್ಲಿಂದ ಬಂತು, ನಿನ್ನಿಂದಲೇ?

ಇನ್ನೊಂದು ಮಾತು. ನನ್ನ ಗಂಡನನ್ನು ‘ಅವನು’ ಅಂತ ಬರೆಯಬೇಡ.

ಅಕ್ಕ

*

ಜೈಲು, ಮಾರ್ಚ್ ೨೮

ಅಕ್ಕಾ,

ಅವನನ್ನು ಅವನು ಅನ್ನದೆ ಇನ್ನೇನು ಮಹಾಪ್ರಭು ಅನ್ನಲೇ?

ಹಿಂದಿನ ವಾರವೇ ಬರೆದಿದ್ದೆ. ಕೊಡಬೇಕಾದ ಆಜ್ಞೆಗಳನ್ನು ಸಾಲುಸಾಲಾಗಿ ಬರೆದಿದ್ದೆ. ಗುಮಾಸ್ತ ಅದನ್ನು ಜೈಲು ಒಡೆಯುವ ಗುಪ್ತಭಾಷೆ ಅಂದುಕೊಂಡು ಕತ್ತರಿಯಿಂದ ಕತ್ತರಿಸಿ, ನನ್ನನ್ನು ಸಾಹೇಬರ ಮುಂದೆ ನಿಲ್ಲಿಸಿದ. ಸಾಹೇಬರು ಲಿನಕ್ಸ್ ಅಂದರೆ ಯಾವ ಗ್ಯಾಂಗು ಅಂತ ಕೇಳಿದರು. ಅದಕ್ಕೇ ಈ ಸಲ ಬರೀ ಮಾತಿನಲ್ಲಿ.

ಲಿನಕ್ಸ್ ಒಂದೇ ಮನೆತನ, ಆದರೆ ಅದರ ಒಬ್ಬೊಬ್ಬ ಮಗನದ್ದೂ ಒಂದೊಂದು ಸಂಸಾರ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವವನು ಮುದುಕಪ್ಪ. ನಿಧಾನ, ನಂಬಿಕಸ್ಥ, ಮಹಾ ಜಿಪುಣ. ಲೈಬ್ರರಿ ಕೇಳಿದರೆ ಲೈಬ್ರರಿ ಮಾತ್ರ ಕೊಡುತ್ತಾನೆ. ಅದರೊಳಗೆ ಏನಿದೆ ಅಂತ ಹೇಳುವ ಪಟ್ಟಿ, ಆ ಹೆಡರನ್ನು, ಬೇರೆ ಪೊಟ್ಟಣ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾನೆ. ಅದೇ ಲೈಬ್ರರಿಯ ಹೆಸರಿನ ಬಾಲಕ್ಕೆ ಅಭಿವೃದ್ಧಿಯ ಪೊಟ್ಟಣ ಅಂತ ಇರುತ್ತದೆ, ಅದನ್ನೂ ಹಾಕಿಕೋ. ಆ ಶೆಡ್ಡಿನ ಕಂಪ್ಯೂಟರಿಗೆ ನಿನ್ನ ಗಂಡ ಹಾಕಿದ ಲಿನಕ್ಸ್ ಇದೆಯಲ್ಲ, ಪೈಲ್ವಾನ, ಅವನು ಎರಡನ್ನೂ ಒಟ್ಟಿಗೇ ಮುಖಕ್ಕೆ ಎಸೆಯುತ್ತಾನೆ. ಅದಕ್ಕೇ ನಿನ್ನ ಗಂಡನಿಗೆ ಪ್ರೀತಿ.

ಪ್ರೆಸ್ಸಿಗೆ ಜೋಡಿಸಬೇಡ, ಅದರ ಕಣ್ಣನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿಕೋ. ಬ್ರೇಕಿಗೆ ಹೋಗುವ ತಂತಿಯ ತುದಿಗೆ ಒಂದು ಬಲ್ಬು ಕಟ್ಟು. ಕಣ್ಣಿನ ಮುಂದೆ ಪೊರಕೆಯ ಹಿಡಿ ಆಡಿಸು. ಬಲ್ಬು ಹತ್ತಿದರೆ ಬ್ರೇಕ್ ಹಿಡಿಯಿತು ಅಂತ ಅರ್ಥ.

ಅಕ್ಷರ ಸೊಟ್ಟ ಇದ್ದರೆ ಬೈಯಬೇಡ. ಪೆನ್ಸಿಲ್ ವಿಷಯಕ್ಕೆ ಇಲ್ಲೊಬ್ಬ ಬೀಗ ಒಡೆಯುವವನಿಗೂ ನನಗೂ ಮಾತು ಬೆಳೆದು, ಅವನು ನನ್ನ ಹೆಬ್ಬೆರಳು ಕಚ್ಚಿ ಹಿಡಿದ. ಅವನ ತಲೆಯನ್ನು ನಲ್ಲಿಗೆ ಅಪ್ಪಳಿಸಿದ ಮೇಲೇ ಬಿಟ್ಟದ್ದು. ಈಗ ಇಬ್ಬರೂ ಒಂದೇ ಕೋಣೆ. ಪೆನ್ಸಿಲ್ ಅವನದ್ದೇ.

ತಮ್ಮ

*

ಮನೆ, ಏಪ್ರಿಲ್ ೧೨

ತಮ್ಮಾ,

ಬಲ್ಬು ಹತ್ತಿತು.

ಪೊರಕೆ ಆಡಿಸಿದೆ, ಹತ್ತಿತು. ತೆಗೆದೆ, ಆರಿತು. ಕೈ ಹಿಡಿದೆ, ಹತ್ತಿತು. ಮಗಳ ಗೊಂಬೆ ಹಿಡಿದೆ, ಹತ್ತಿತು. ಒಮ್ಮೆಯಾದರೂ ತಪ್ಪಲಿ ಅಂತ ನಾನು ಎಷ್ಟು ಸಲ ಹಿಡಿದೆ ನಿನಗೆ ಹೇಳಲಾರೆ.

ನಿನ್ನ ಭಾವ ಬಾಗಿಲಲ್ಲಿ ಊರುಗೋಲು ಹಿಡಿದು ನೋಡುತ್ತಿದ್ದರು. ಸ್ಲೇಟು ತೆಗೆದು ಮತ್ತೆ ಅದೇ ಮಾತು ಬರೆಯತೊಡಗಿದರು. ಕಸಿದುಕೊಂಡೆ, ಹಣೆಗೆ ಅಪ್ಪಳಿಸಿದೆ. ಸ್ಲೇಟು ಎರಡು ಹೋಳಾಯಿತು, ಹಣೆಯ ಹಳೇ ಗಾಯ ಬಿಚ್ಚಿಕೊಂಡು ರಕ್ತ ದವಡೆಯ ತಂತಿಯವರೆಗೆ ಇಳಿಯಿತು. ಊರುಗೋಲನ್ನು ಬೀದಿಗೆ ಎಸೆದೆ. ಅದನ್ನು ಹಿಡಿಯಲು ಅವರು ಕುಂಟುತ್ತಾ ಹೋದಾಗ ಹಿಂದಿನಿಂದ ಬಾಗಿಲು ಹಾಕಿ ಅಗುಳಿ ಜಡಿದೆ. ಬಾಯಿ ತೆರೆಯಲಾಗದ ಮನುಷ್ಯ ಬಾಗಿಲಾಚೆ ಮಾಡುವ ಸದ್ದನ್ನು ನೀನು ಕೇಳಿಲ್ಲ. ನಾನು ಕೇಳಿದೆ. ತೆಗೆಯಲಿಲ್ಲ.

ಅವರು ಈಗ ಶೆಡ್ಡಿನಲ್ಲಿ ತಗಡಿನ ರಾಶಿಯ ಪಕ್ಕ ಮಲಗುತ್ತಾರೆ. ಕೆಲಸದವರು ಊಟ ಕೊಡುತ್ತಾರೆ. ಪ್ರೆಸ್ಸನ್ನು ಯಾರೂ ಮುಟ್ಟುವುದಿಲ್ಲ.

ನೀನೇ ಗೆದ್ದೆ. ಸಮಾಧಾನವಾಯಿತೇ?

ಅಕ್ಕ

*

ಜೈಲು, ಏಪ್ರಿಲ್ ೨೦

ಅಕ್ಕಾ, ನನ್ನ ತಾಯಿ ಹೊಟ್ಟೆಯ ಹುಲಿಯೇ,

ನಿನ್ನ ಕಾಗದವನ್ನು ಕೋಣೆಯ ನಡುವೆ ನಿಂತು ಓದಿದೆ. ಬಾಗಿಲು ಜಡಿದ ಜಾಗಕ್ಕೆ ಬಂದಾಗ ಸುತ್ತಲಿನ ಕೋಣೆಯವರೆಲ್ಲ ತಟ್ಟೆ ಬಡಿದರು. ಇನ್ನೊಮ್ಮೆ, ಇನ್ನೊಮ್ಮೆ ಅಂತ ಕೂಗಿದರು. ಇನ್ನೊಮ್ಮೆ ಓದಿದೆ.

ವಕೀಲರಿಗೂ ಹೇಳಿ ಕಳಿಸಿದ್ದೇನೆ. ತಾಯಿಯ ಕೈ ಕಡಿದವನನ್ನು ಮಗ ಹೊಡೆದದ್ದು ಅಂತ ಕೋರ್ಟಿನಲ್ಲಿ ನಿಂತು ಹೇಳಿದರೆ ಜಾಮೀನು ಎಲ್ಲಿಗೂ ಹೋಗುವುದಿಲ್ಲವಂತೆ. ಶೆಡ್ಡಿನಲ್ಲೇ ಇರಲಿ ಅವನು. ಹುಡುಕುವ ಕೆಲಸ ತಪ್ಪಿತು. ಈ ಸಲ ಪೈಪು ಬೇಡ. ಅವನು ಕುದುರೆ ಮಾಡಿದ ಪ್ರೆಸ್ಸಿನ ಕೆಳಗೇ ಅವನನ್ನು ಮಲಗಿಸಿ ಪೆಡಲ್ ತುಳಿಯುತ್ತೇನೆ. ಓಡಲಿ ಕುದುರೆ.

ಅಮ್ಮನಿಗೆ ಹೇಳು, ಮಗ ಬರುತ್ತಾನೆ.

ತಮ್ಮ

*

ಮನೆ, ಮೇ ೯

ತಮ್ಮಾ,

ಇದನ್ನು ಕೋಣೆಯ ನಡುವೆ ನಿಂತು ಓದಬೇಡ. ಮೂಲೆಗೆ ಹೋಗು.

ಮಗ ಬರುತ್ತಾನೆ ಅಂತ ಅಮ್ಮನಿಗೆ ಹೇಳಿದೆ. ಪೊಲೀಸರು ಶೆಡ್ಡಿನ ಕಂಪ್ಯೂಟರು ವಾಪಸ್ಸು ತಂದಿಟ್ಟ ದಿನ ಅವಳು ಅದನ್ನೇ ನೋಡುತ್ತಾ ಕೂತಿದ್ದು, ‘ಆ ಲ್ಯಾಪ್‌ಟಾಪು ನನ್ನ ಕೈ ತಿನ್ನಲಿಲ್ಲವಲ್ಲೇ, ಇದು ತಿಂದದ್ದು, ಇದನ್ನು ಕೇಳಿದೆಯಾ?’ ಅಂದಳು.

ಕೇಳಿದೆ. ನಿನ್ನ ಪೆನ್‌ಡ್ರೈವಿನಿಂದಲೇ, ನಿನ್ನ ಮೂಲ ಸೋರ್ಸನ್ನೇ ಪೈಲ್ವಾನನಿಗೆ ಹಾಕಿದೆ. ಹೇಗೆ ಅರೆಯಬೇಕು ಅಂತ ಹೇಳುವ ಪೈಲ್ವಾನನ ಫೈಲಿದೆಯಲ್ಲ, ನಿನ್ನ ಭಾವ ಉಪಯೋಗಿಸಿದ್ದು, ಅದರಿಂದಲೇ ಕಂಪೈಲ್ ಮಾಡಿದೆ. ಹೆಡರಿಲ್ಲ ಅನ್ನಲಿಲ್ಲ, ಕೆಂಪು ಕಾರಲಿಲ್ಲ, ಕೆಮ್ಮುವಷ್ಟರಲ್ಲಿ ಮುಗಿಸಿತು. ಪೊರಕೆ ಹಿಡಿದೆ. ಪರದೆಯ ಮೇಲೆ ‘ಕೈ ಕಂಡಿತು’ ಅಂತ ಬಂತು. ಬಲ್ಬು ಹತ್ತಲಿಲ್ಲ.

ಬಲ್ಬು ಸತ್ತಿದೆ ಅಂದುಕೊಂಡು ಬದಲಿಸಿದೆ. ತಂತಿ ಬದಲಿಸಿದೆ. ಅದೇ ಬಲ್ಬು, ಅದೇ ತಂತಿ ಮುದುಕಪ್ಪನಿಗೆ ಕಟ್ಟಿದರೆ ಹತ್ತುತ್ತದೆ. ಪೈಲ್ವಾನನಿಗೆ ಕಟ್ಟಿದರೆ ‘ಕೈ ಕಂಡಿತು’ ಅನ್ನುತ್ತದೆ, ಅಂದು ಸುಮ್ಮನಿರುತ್ತದೆ. ಕೈ ಕಂಡಿತು, ಕಂಡಿತು, ಕಂಡಿತು. ಅಮ್ಮ ಎದ್ದು ಹೊರಗೆ ಹೋದಳು.

ಭಾವ ಕಿತ್ತು ಬಿಸಾಡಿದರು ಅಂದೆಯಲ್ಲ, ಆ ಸಾಲು ಹುಡುಕಿದೆ. ಪೊಲೀಸರು ಇಟ್ಟುಕೊಂಡಿದ್ದ ಅವರ ಪ್ರತಿಯನ್ನೂ ನಿನ್ನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದೆ. ಒಂದು ಚುಕ್ಕಿ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಅರೆಯುವ ಬಗೆಯಲ್ಲಿ. ಪ್ರೋಗ್ರಾಂ ಬರೆಯುವವರು ತಮ್ಮ ಧೈರ್ಯಕ್ಕೆ ನಡುನಡುವೆ ಪರೀಕ್ಷೆಯ ಸಾಲು ಹಾಕಿಕೊಳ್ಳುತ್ತಾರಲ್ಲ, ಇದು ಸರಿಯಿದೆಯೇ, ಇಲ್ಲದಿದ್ದರೆ ಕೂಗಿ ನಿಲ್ಲು ಅಂತ. ನೀನು ಕಂಪೈಲ್ ಮಾಡುವ ಬಗೆಯಲ್ಲಿ ಮುದುಕಪ್ಪ ಆ ಸಾಲುಗಳನ್ನು ಹಾಗೇ ಬಿಡುತ್ತಾನೆ. ಪೈಲ್ವಾನನ ಫೈಲು, ಮಾಲು ತಯಾರಾಯಿತು, ಇನ್ನು ಪರೀಕ್ಷೆ ಯಾಕೆ, ಓಟಕ್ಕೆ ಅಡ್ಡ ಅಂತ ಅವನ್ನೆಲ್ಲ ಉದುರಿಸಿಬಿಡುತ್ತದೆ. ಅದು ಅದರ ರೂಢಿ. ಅದರಲ್ಲಿ ತಪ್ಪಿಲ್ಲ, ಪರೀಕ್ಷೆಯ ಸಾಲಿನಲ್ಲಿ ಪರೀಕ್ಷೆ ಮಾತ್ರ ಇದ್ದರೆ.

ನೀನು ಏನು ಬರೆದಿದ್ದೀಯ ಗೊತ್ತಾ? ‘ಬ್ರೇಕ್ ಹಿಡಿ, ಹಿಡಿಯಿತೇ ನೋಡು’ ಅಂತ ಎರಡನ್ನೂ ಒಂದೇ ಪರೀಕ್ಷೆಯ ಸಾಲಿನೊಳಗೆ ಬರೆದಿದ್ದೀಯ. ಪರೀಕ್ಷೆ ಉದುರಿದಾಗ ಬ್ರೇಕೂ ಅದರ ಜೊತೆ ಉದುರಿತು. ಸಾಲು ನಿನ್ನದು. ಇಷ್ಟು ವರ್ಷ ಅಮ್ಮನ ಕೈ ಉಳಿದದ್ದು ನಿನ್ನ ಬುದ್ಧಿಯಿಂದಲ್ಲ, ಮುದುಕಪ್ಪನಿಂದ.

ಶೆಡ್ಡಿಗೆ ಹೋದೆ. ತಗಡಿನ ರಾಶಿಯ ಪಕ್ಕ ಕೂತಿದ್ದರು. ಹಣೆಯ ಗಾಯ ಕೀವುಗಟ್ಟಿದೆ. ಮನೆಗೆ ಬನ್ನಿ ಅಂದೆ. ಬರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನೀನು ಅವರನ್ನು ಮುಗಿಸಲು ಬರುವುದಾದರೆ ಬಾ. ಕತ್ತರಿ ಯಂತ್ರದ ಬ್ಲೇಡು ಬಿಚ್ಚಿ ಇಟ್ಟುಕೊಂಡಿದ್ದೇನೆ. ಮೊದಲು ನನ್ನನ್ನು ದಾಟಬೇಕು.

ಅಕ್ಕ

*

ಜೈಲು, ಮೇ ೧೭

ಸುಳ್ಳು. ಗಂಡನನ್ನು ಉಳಿಸಿಕೊಳ್ಳಲು ಹೆತ್ತವಳ ಕೈ ಮಾರಿದೆ. ಇನ್ನು ಬರೆಯಬೇಡ.

*

ಜೈಲು, ಜೂನ್ ೨೫

ಅಕ್ಕಾ,

ಈ ಅಕ್ಷರ ಬೀಗ ಒಡೆಯುವವನದ್ದು. ನನ್ನ ಕೈಗೆ ಕಟ್ಟು ಹಾಕಿದ್ದಾರೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ತನ್ನ ಕಡೆಯಿಂದ ಏನೂ ಸೇರಿಸುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ. (ಸೇರಿಸುವುದಿಲ್ಲ.)

ನಿನ್ನ ಕಾಗದ ಹರಿದು ಹಾಕಿದ್ದೆ. ಹರಿದರೇನು, ನನ್ನ ಸೋರ್ಸು ನನಗೆ ಬಾಯಿಪಾಠ. ನೀನು ಸುಳ್ಳಿ ಅಂತ ಇವರಿಗೆಲ್ಲ ತೋರಿಸಿಯೇ ಬಿಡುತ್ತೇನೆ ಅಂತ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಬರೆದೆ. ಎಲ್ಲರೂ ಸುತ್ತ ಕೂತರು. ಪೈಲ್ವಾನನ ಪಾತ್ರ ನಾನೇ ಹಾಕಿಕೊಂಡು, ನೋಡಿರಯ್ಯಾ, ಇದು ಪರೀಕ್ಷೆಯ ಸಾಲು, ಇದನ್ನು ಉದುರಿಸುತ್ತೇನೆ ಅಂತ ಅಂಗೈಯಿಂದ ಉಜ್ಜಿದೆ. ಉಜ್ಜಿದ ಮೇಲೆ ಬ್ರೇಕ್ ಎಲ್ಲಿ ಅಂತ ಹುಡುಕಿದೆ. ಮತ್ತೆ ಬರೆದೆ, ಮತ್ತೆ ಉಜ್ಜಿದೆ. ಯಾರೋ ಒಬ್ಬ, ಎಲ್ಲಯ್ಯಾ ನಿನ್ನ ಬ್ರೇಕು ಅಂತ ನಕ್ಕ. ಅವನನ್ನು ಹೊಡೆದೆ. ವಾರ್ಡರುಗಳು ಬಂದು ನನ್ನನ್ನು ಹೊಡೆದರು. ಲಾಠಿ ಬೀಳುವಾಗ ಕೈ ಅಡ್ಡ ಹಿಡಿಯಬಾರದಂತೆ, ನಾನು ಹಿಡಿದೆ.

ಅಕ್ಕಾ, ಆ ದಿನ ಶೆಡ್ಡಿನಲ್ಲಿ ಭಾವ ಕೆಳಗೆ ಬಿದ್ದು, ಇಲ್ಲ, ಇಲ್ಲ ಅನ್ನುತ್ತಿದ್ದರು. ದವಡೆ ಹೋಗುವ ಮೊದಲು ಕೊನೆಯ ಮಾತು ಅದೇ. ಸಾಯುವ ಭಯಕ್ಕೆ ಅನ್ನುತ್ತಿದ್ದಾರೆ ಅಂದುಕೊಂಡು ಇನ್ನೂ ಜೋರಾಗಿ ಬೀಸಿದೆ.

ವಕೀಲರನ್ನು ಕರೆಸಿ ತಾಯಿಯ ಕೈ ಕಡಿದವನು ಅನ್ನುವ ಆ ವಾದ ಬೇಡ ಅಂದೆ. ತಲೆ ಕೆಟ್ಟಿದೆಯಾ ಅಂದರು. ಜಾಮೀನು ಸಿಕ್ಕಿದರೂ ಸಿಕ್ಕದಿದ್ದರೂ ನಿಜವೇ ಹೇಳಿ ಅಂದೆ.

ಬ್ರೇಕ್ ಹಿಡಿಯುವ ಮಾತನ್ನು ಪರೀಕ್ಷೆಯಿಂದ ಹೊರಗೆ ತೆಗೆದು, ಬೇರೆ ಸಾಲು ಮಾಡಬೇಕು. ಅಷ್ಟೇ. ಆದರೆ ಅದನ್ನು ನೀನು ಮಾಡಬೇಡ, ನಾನೇ ಬಂದು ಮಾಡುತ್ತೇನೆ. ಅಲ್ಲಿಯವರೆಗೆ ಪ್ರೆಸ್ಸಿನ ಹತ್ತಿರ ಯಾರನ್ನೂ ಬಿಡಬೇಡ.

ಅಮ್ಮನಿಗೆ ಏನು ಹೇಳುತ್ತೀಯೋ ಹೇಳು. ಬ್ಲೇಡು ನಿನ್ನ ಹತ್ತಿರವೇ ಇರಲಿ.

ತಮ್ಮ

*

ಶೆಡ್ಡು, ಜುಲೈ ೧೦

ಭಾವಮೈದುನನಿಗೆ,

ದವಡೆಯ ತಂತಿ ಬಿಚ್ಚಿದ್ದಾರೆ. ಮಾತು ಇನ್ನೂ ಸೊಟ್ಟ, ಅದಕ್ಕೇ ಬರಹ.

ನಿನ್ನ ಅಕ್ಕ ನಿನ್ನ ಕಾಗದವನ್ನು ತಂದು ನನ್ನ ಮುಂದೆ ಇಟ್ಟಳು. ಕ್ಷಮಿಸಿದೆ ಅಂತ ಎರಡು ಸಾಲು ಬರೆಯಿರಿ ಅಂದಳು. ಬರೆಯುವುದಿಲ್ಲ. ಕ್ಷಮಿಸಿಲ್ಲ. ನಿನ್ನನ್ನೂ ಇಲ್ಲ, ಅವಳನ್ನೂ ಇಲ್ಲ. ನನ್ನ ಪಾಲಿನ ತಪ್ಪೂ ಇದೆ. ಕಂಪೈಲ್ ಮಾಡಿದ ದಿನ ನಾನೂ ಪರದೆ ನೋಡಿದೆ, ‘ಕೈ ಕಂಡಿತು’ ಅಂತ ಬಂತು, ಸಾಕು ಅಂದುಕೊಂಡೆ. ಅಚ್ಚು ನಿಂತಿತೇ ಅಂತ ನೋಡಲಿಲ್ಲ. ಅತ್ತೆಗೆ ಅದನ್ನು ಹೇಳಿದ್ದೇನೆ. ಅವರು ಹೂಂ ಅಂದರು.

ಮೊದಲು ನಿನ್ನನ್ನು ಕೊಲ್ಲುವ ಬಗೆಗಳನ್ನೇ ಯೋಚಿಸುತ್ತಿದ್ದೆ. ಒಂದು ಕಣ್ಣು, ಒಂದು ಕಾಲಿನಲ್ಲಿ ಆಗುವಂಥವು. ತುಂಬ ಇಲ್ಲ. ಒಂದು ಮಾತ್ರ ಬಹಳ ದಿನ ತಲೆಯಲ್ಲಿ ಉಳಿಯಿತು, ನೀನು ನನಗೆ ಅಂತ ಯೋಚಿಸಿದ್ದೆಯಲ್ಲ, ಅದೇ. ನಿನ್ನ ಅಕ್ಕ ಆ ಕಾಗದವನ್ನೂ ತೋರಿಸಿದಳು.

ಬಾ. ಶೆಡ್ಡಿಗೇ ಬಾ. ಸಾಲು ತಿದ್ದು, ಪೈಲ್ವಾನನ ಮೇಲೇ ಕಂಪೈಲ್ ಮಾಡು. ಪರೀಕ್ಷೆ ಉದುರಿಸುವ ಆ ಫೈಲಿನಿಂದಲೇ ಮಾಡು. ಬಲ್ಬು ಬೇಡ, ಪ್ರೆಸ್ಸಿಗೇ ಜೋಡಿಸು. ಆಮೇಲೆ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಾ. ಅಷ್ಟು ಹೊತ್ತು ಕಂಪ್ಯೂಟರಿನ ಜೊತೆ ನಾನೊಬ್ಬನೇ ಇರುತ್ತೇನೆ. ಬಂದು ಸೋರ್ಸ್ ತೆಗೆದು ನೋಡುವ ಹಾಗಿಲ್ಲ, ಮತ್ತೆ ಕಂಪೈಲ್ ಮಾಡುವ ಹಾಗಿಲ್ಲ. ಅಚ್ಚಿನ ಕೆಳಗೆ ಕೈ ಇಡಬೇಕು. ಪೆಡಲ್ ನಾನು ತುಳಿಯುತ್ತೇನೆ. ಎಡಗಾಲು ಚೆನ್ನಾಗಿಯೇ ಇದೆ.

ಆ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅಂತ ಕೇಳಬೇಡ. ನನಗೇ ಗೊತ್ತಿಲ್ಲ.

ನಿನ್ನ ಭಾವ

*

ಜೈಲು, ಜುಲೈ ೨೨

ಭಾವನವರಿಗೆ,

ಕಟ್ಟು ಬಿಚ್ಚಿದ್ದಾರೆ, ಅಕ್ಷರ ನನ್ನದೇ. ನಿಜ ಹೇಳಿದ ಮೇಲೂ ನ್ಯಾಯಾಧೀಶರು ಜಾಮೀನು ಕೊಟ್ಟರು. ಶುಕ್ರವಾರ ಬಿಡುತ್ತಾರೆ. ಮನೆಗೆ ಹೋಗುವುದಿಲ್ಲ, ಶೆಡ್ಡಿಗೇ ಬರುತ್ತೇನೆ. ಅಕ್ಕ, ಅಮ್ಮ ಅಲ್ಲಿ ಇರುವುದು ಬೇಡ.

ಸಾಲು ತಿದ್ದಿ ಕಂಪೈಲ್ ಮಾಡಿದ ಮೇಲೆ ಹೊರಗೆ ಹೋಗುತ್ತೇನೆ. ಬಾಗಿಲು ನೀವು ಒಳಗಿನಿಂದ ಹಾಕಿಕೊಳ್ಳಿ. ನೀವಾಗಿ ಕರೆಯುವವರೆಗೆ ಬರುವುದಿಲ್ಲ. ಬಂದ ಮೇಲೆ ಪರದೆಯ ಕಡೆ ನೋಡುವುದಿಲ್ಲ.

ಬಲಗೈ ಇಡುತ್ತೇನೆ. ಒಂದೇ ಒಂದು ಕೇಳಿಕೊಳ್ಳುತ್ತೇನೆ, ತುಳಿಯುವ ಮೊದಲು ಒಂದು, ಎರಡು, ಮೂರು ಅಂತ ಎಣಿಸಬೇಡಿ.

ನಿಮ್ಮ ಭಾವಮೈದುನ